ಚೆನ್ನೆಮಣೆಯೂ ಗೋಡೋ ಎಂಜಿನೂ

ರಜೆಯ ದಿನಗಳಲ್ಲಿ ನಮ್ಮ ಬಾಲಿಕೆಯರು ಮೊಬೈಲು ಹಿಡಿದು ಆಟದಲ್ಲಿಯೇ ಹೊತ್ತು ಕಳೆಯುತ್ತಾರೆಂದು ತಂದೆತಾಯಿಗಳು ಹೇಳುವದುಂಟು. ಈ ದೂರು ನಿರಾಧಾರವಾದುದಲ್ಲ. ಆದರೆ ಬರೇ ಆಡುವವಳಾಗಿ ಉಳಿಯದೆ, ಅಂತಹ ಆಟವನ್ನು ತಾನೇ ಕಟ್ಟುವವಳಾಗುವದಕ್ಕೆ ಈಗ ಹೆಚ್ಚಿನ ಹಣವೂ ಬೇಡ, ಪಟ್ಟಣವಾಸವೂ ಬೇಡವೆಂಬದನ್ನು ಪುತ್ತೂರು, ಸುಳ್ಯ, ಕಡಬ ಸೀಮೆಗಳ ಹಳೆ ವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ತಿಳಿಸಲಿಚ್ಛಿಸುತ್ತೇವೆ.

ಚಿತ್ರವನ್ನು ತೋರಿಸುವದು, ಬೆರಳಿನ ಸ್ಪರ್ಶವನ್ನು ಅರಿಯುವದು, ಶಬ್ದ ಹೊರಡಿಸುವದು ಮುಂತಾದ ಕೆಲಸಗಳು ಇಂತಹ ಆಟಗಳಿಗೆಲ್ಲಾ ಸಾಮಾನ್ಯವಾದವು. ಇವುಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಡುವ ಸಾಧನಕ್ಕೆ ಗೇಮ್ ಎಂಜಿನ್ ಎಂದು ಹೆಸರು. ಆರ್ಜೆಂಟೀನ ದೇಶದ ಹುವಾನ್ ಲಿನಿಯೆಟ್ಸ್ಕಿ, ಆರಿಯೆಲ್ ಮಂಜೂರ್ ಎಂಬವರು ರಚಿಸಿದ ಗೋಡೋ ಅಂತಹದೊಂದು. ೨೦೧೪ರಲ್ಲಿ ಅವರು ಅದರ ಮೂಲಬರಹವನ್ನು ಸರ್ವರಿಗೂ ತೆರೆದಿಟ್ಟರು. ಪಡಕೊಳ್ಳುವದಕ್ಕೆ ಶುಲ್ಕವಿಲ್ಲ; ಮಾಡಿದ ಆಟವನ್ನು ಮಾರಿದರೂ ಅವರಿಗೆ ಪಾಲು ಸಲ್ಲಿಸಬೇಕಾಗಿಲ್ಲ; ಅನುಮತಿಪತ್ರದ ಒಕ್ಕಣೆಯನ್ನು ಆಟದೊಂದಿಗೆ ಸೇರಿಸಿದರೆ ಸಾಕು.

ಕಲಿಯ ಹೊರಟವರು ಯುದ್ಧದ ಮಹಾ ಆಟಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೇಗನೆ ಬೇಸತ್ತು ಬಿಡುವದು ಸಹಜ. ತಮಗೆ ಕರತಲಾಮಲಕವಾದ ಸಣ್ಣ ಆಟವೊಂದನ್ನು ಆರಿಸಿಕೊಳ್ಳತಕ್ಕದ್ದೆಂದು ನಮ್ಮ ಅಭಿಪ್ರಾಯ. ಆಟಿ ತಿಂಗಳ ಮಳೆಗೆ ಅಟ್ಟದಿಂದಿಳಿಯುವ ಚೆನ್ನೆಮಣೆಗಿಂತ ತಕ್ಕದ್ದು ನಮ್ಮ ಸೀಮೆಯಲ್ಲಿ ಯಾವುದಿದೆ? ಸಾಲಿಗೆ ೭ರಂತೆ ೧೪ ಕುಳಿಗಳು, ಕುಳಿಗೆ ೪ರಂತೆ ೫೬ ಕಾಯಿಗಳು. ಇಷ್ಟೇ ಅದರ ಸಂಸಾರ.

ಗೋಡೋವಿನಲ್ಲಿ ಒಂದು ಕುಳಿಯನ್ನು ಸೀನ್ ಎಂಬದಾಗಿ ರಚಿಸಿ, ಅದರ ೧೪ ಪ್ರತಿಗಳನ್ನು ಮಣೆಯ ಮೇಲೆ ಇರಿಸಬಹುದು. ಕುಳಿಯನ್ನು ಮುಟ್ಟಿದೊಡನೆ ಸಿಗ್ನಲ್ ಎಂಬ ಕರೆಯು ಹೊರಡುತ್ತದೆ. ಮಣೆಯು ಅದನ್ನು ಕೇಳಿ ಕಾಯಿ ಹಂಚಬೇಕು. ಹಂಚುವ ವಿಧಿಯನ್ನು ಜಿಡಿಸ್ಕ್ರಿಪ್ಟ್ ಎಂಬ ಸರಳ ಭಾಷೆಯಲ್ಲಿ ಬರೆಯುವದು. ಯಂತ್ರದ ಎಣಿಕೆ ಸೊನ್ನೆಯಿಂದ ಆರಂಭವಾಗುವದರಿಂದ ಕುಳಿಗಳ ಅಂಕೆಗಳು ೦ ಮೊದಲ್ಗೊಂಡು ೧೩ರ ತನಕ. ೧೨ನೆಯದರ ೪ ಕಾಯಿಗಳು ೧೩, ೦, ೧, ೨ ಎಂಬವುಗಳಲ್ಲಿ ಬೀಳಬೇಕು. ಲೆಕ್ಕವು ೧೩ನ್ನು ದಾಟಿದಾಗ ೧೪ರಿಂದ ಭಾಗಿಸಿ ಶೇಷವನ್ನು ಹಿಡಿದರೆ ಮಣೆಯನ್ನು ಸುತ್ತಿ ಬಂದಂತಾಗುವದು. ಭಾಗಾಕಾರದ ಶೇಷದಿಂದ ಏನು ಪ್ರಯೋಜನವೆಂದು ತರಗತಿಯಲ್ಲಿ ಕೇಳುತ್ತಿದ್ದವರಿಗೆ ಇದೊಂದು ಉತ್ತರ.

ಕಷ್ಟವು ಇಲ್ಲಿಂದ ಮುಂದೆ. ಕೊನೆಯ ಕಾಯಿ ಬಿದ್ದ ಮೇಲೆ ಮುಂದಿನ ಕುಳಿಯವುಗಳನ್ನೆತ್ತಿ ಹಂಚುತ್ತಾ ಹೋಗಿ, ಬರಿದಾದ ಕುಳಿ ಎದುರಾದಾಗ ಅದರಾಚೆಯದನ್ನು ಗೆದ್ದುಕೊಳ್ಳುವದು ಒಂದು ಕ್ರಮ. ಆಚೆಯದೂ ಬರಿದಾಗಿದ್ದರೆ? ಒಬ್ಬಳ ಸಾಲಿನಲ್ಲಿ ಕಾಯಿಯೇ ಉಳಿಯದಿದ್ದರೆ? ಅಜ್ಜಿಯು ಇದನ್ನೆಲ್ಲಾ ಕಣ್ಸನ್ನೆಯಿಂದಲೇ ತೀರಿಸುವಳು. ಯಂತ್ರಕ್ಕೆ ಸನ್ನೆ ತಿಳಿಯದು. ಪ್ರತಿಯೊಂದನ್ನೂ ಬರೆದೇ ಹೇಳಬೇಕು. ಆಡುವ ಕ್ರಮಗಳು ಹಲವಿರುವದರಿಂದ ಹಿರಿಯರ ಬಳಿಗೆ ಹೋಗಿ ವಿಚಾರಿಸದೆ ಗತಿಯಿಲ್ಲ. ಈ ವಿಚಾರಣೆಯೇ ಅಭ್ಯಾಸದ ಸಾರವೆಂದು ನಾವು ಎಣಿಸುತ್ತೇವೆ; ಬಲ್ಲವರು ಇರುವಾಗಲೇ ಆಗಬೇಕಾದ ಕೆಲಸವೂ ಅಹುದು. ಅಕ್ಕತಂಗಿಯರು ಎದುರುಬದುರಾಗಿ ಚೆನ್ನೆ ಆಡಬಾರದೆಂಬ ಮಾತನ್ನೂ, ಸಿರಿ ಪಾಡ್ದನದ ಅಬ್ಬಗ ದಾರಗರ ದುಃಖದ ಕಥೆಯನ್ನೂ ಆಗ ನೀವು ಕೇಳುವಿರಿ. ಯಂತ್ರವನ್ನೇ ಎದುರಾಳಿಯಾಗಿ ಇಟ್ಟುಕೊಂಡವಳಿಗೆ ಆ ಭಯವಿಲ್ಲ!

ಕನ್ನಡ ಅಕ್ಷರಗಳ ಕುರಿತು ಒಂದು ಮಾತು. ಗೋಡೋವಿನ ೩ನೆಯ ಆವೃತ್ತಿಯಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ. ೧೮೪೧ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಆರಂಭಿಸಿದ ಬಾಸೆಲ್ ಮಿಶನ್ ಛಾಪಖಾನೆಯ ಕೆಲಸವನ್ನು ಬಲ್ಲವರಿಗೆ ನಮ್ಮ ಲಿಪಿಯ ಈ ಬಿಗುಮಾನವು ಹೊಸತಲ್ಲ. ೨೦೨೩ರ ಮಾರ್ಚಿನಲ್ಲಿ ಬಂದ ೪ನೆಯ ಆವೃತ್ತಿಯಲ್ಲಿ ಈ ನ್ಯೂನತೆ ನೀಗಿದೆ. ಆದಕಾರಣ ಅದನ್ನೇ ಪಡೆದು, ನೋಟೋ ಸಾನ್ಸ್ ಕನ್ನಡದಂತಹ ಉಚಿತ ಅಕ್ಷರರೂಪವನ್ನು ಸೇರಿಸಿಕೊಳ್ಳಿರಿ.

ಗೋಡೋವಿನ ಕೈಪಿಡಿಯು ಇಂಗ್ಲಿಷಿನಲ್ಲಿ ಉಚಿತವಾಗಿ ದೊರೆಯುತ್ತದೆ. ಅದರ ಆರಂಭದ ಪಾಠದಲ್ಲಿಯೇ ಚಿಕ್ಕದೊಂದು ಆಟವನ್ನು ಆದ್ಯಂತ ಕಟ್ಟುವ ರೀತಿ ಹೇಳಿದೆ. ಅದನ್ನು ಮುಗಿಸಿದ ಮೇಲೆ ಚೆನ್ನೆಯ ನಿಯಮಗಳನ್ನು ಕಾಗದದಲ್ಲಿ ಬರೆದು, ಅದೇ ಪ್ರಕಾರ ನಿಜವಾದ ಮಣೆಯಲ್ಲಿ ಇಬ್ಬರಿಂದ ಆಡಿಸಿ ನೋಡಿರಿ. ಅವರು ಎಲ್ಲಿ ಜಗಳಕ್ಕೆ ನಿಲ್ಲುವರೋ ಆ ಸಾಲನ್ನು ತಿದ್ದಿ, ಬಳಿಕ ಯಂತ್ರದ ಮುಂದೆ ಕುಳಿತುಕೊಳ್ಳಿರಿ.