ಕೋಳಿಮರಿಗಳ ಮೊದಲ ಮೂರು ವಾರ

ಪೇಟೆಯ ಮನೆಯಾದರೂ ಹಿತ್ತಲಿದ್ದರೆ ನಾಲ್ಕಾರು ಕೋಳಿಗಳನ್ನು ಇಟ್ಟುಕೊಳ್ಳೋಣವೆಂದು ಅನೇಕರಿಗೆ ಅನ್ನಿಸುತ್ತದೆ. ಮಕ್ಕಳ ಹಟವೂ ಸೇರಿತೆಂದರೆ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತು ಮರಿಗಳು ಮನೆಗೆ ಬಂದಂತೆಯೇ. ವಾರ ಕಳೆಯುವುದರೊಳಗೆ ಎರಡೋ ಮೂರೋ ಉಳಿದಿರುತ್ತವೆ. ದೃಷ್ಟಿ ತಾಗಿತೆಂದೋ ಜಾತಿಯೇ ಸರಿಯಿಲ್ಲವೆಂದೋ ಹೇಳಿ ಸುಮ್ಮನಾಗುತ್ತೇವೆ. ಇಂಥ ಎಷ್ಟೋ ಸಾವುಗಳಿಗೆ ಕಾರಣ ಚಳಿ, ತೇವ, ಕೊಳೆ ನೀರು. ಇವು ಮೂರೂ ನಿಮ್ಮ ಕೈಯಲ್ಲಿರುವ ಸಂಗತಿಗಳು.

ಹೇಂಟೆಯ ಹಿಂದೆ ಓಡಾಡುವ ಮರಿಗಳನ್ನು ನೀವು ನೋಡಿರಬಹುದು. ಸ್ವಲ್ಪ ಹೊತ್ತು ಕೆದಕುತ್ತವೆ, ಮತ್ತೆ ತಾಯಿಯ ರೆಕ್ಕೆಯೊಳಗೆ ನುಗ್ಗುತ್ತವೆ. ಗರಿ ಮೂಡದ, ಬರೀ ನುಣುಪು ತುಪ್ಪಟದ ಮರಿಗೆ ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಯಂತ್ರದಲ್ಲಿ ಒಡೆದ ಮರಿಗೆ ತಾಯಿಯಿಲ್ಲ. ಆ ಕಾವನ್ನು ನೀವು ಕೊಡಬೇಕು. ಮೊದಲ ವಾರ ಮರಿಗಳಿರುವ ನೆಲಮಟ್ಟದಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿರಬೇಕು. ಅನಂತರ ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತ ಹೋಗಬಹುದು.

ಇದಕ್ಕೆ ದೊಡ್ಡ ಸಲಕರಣೆ ಬೇಡ. ರಟ್ಟಿನ ಹಾಳೆಯನ್ನು ಒಂದೂವರೆ ಅಡಿ ಎತ್ತರಕ್ಕೆ ದುಂಡಗೆ ಸುತ್ತಿ ನಿಲ್ಲಿಸಿ, ನಡುವೆ ಹಳೆಯ ಬಗೆಯ ತಂತಿ ಬಲ್ಬನ್ನು ಇಳಿಬಿಟ್ಟರೆ ಸಾಕು. ಮರಿಯೊಂದಕ್ಕೆ 2 ವಾಟಿನ ಲೆಕ್ಕ. ಇಪ್ಪತ್ತು ಮರಿಗಳಿಗೆ 40, ಚಳಿಗಾಲದಲ್ಲಿ 60. ಈಗ ಮನೆಮನೆಯಲ್ಲೂ ಇರುವ ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು. ಅದು ಬೆಳಕು ಕೊಡುತ್ತದೆಯೇ ಹೊರತು ಹೇಳಿಕೊಳ್ಳುವಂಥ ಶಾಖ ಕೊಡುವುದಿಲ್ಲ. ದೀಪ ಉರಿಯುತ್ತಿದೆಯಲ್ಲ ಎಂಬ ನೆಮ್ಮದಿಯಿಂದ ನೀವು ಮಲಗಿದರೆ ಬೆಳಗಿಗೆ ಮರಿಗಳು ಒಂದರ ಮೇಲೊಂದು ಬಿದ್ದು ಸತ್ತಿರುತ್ತವೆ. ಬಲ್ಬು ರಟ್ಟಿಗಾಗಲಿ ಹೊಟ್ಟಿಗಾಗಲಿ ತಾಕದಂತೆ ಭದ್ರವಾಗಿ ಕಟ್ಟಿ; ಬೆಂಕಿಯ ಭಯವುಂಟು.

ಥರ್ಮಾಮೀಟರು ಇಲ್ಲದಿದ್ದರೂ ಚಿಂತೆಯಿಲ್ಲ. ಮರಿಗಳನ್ನೇ ನೋಡಿ. ದೀಪದಡಿ ಗುಂಪುಗಟ್ಟಿ ಕಿರುಚುತ್ತಿದ್ದರೆ ಚಳಿ, ಬಲ್ಬನ್ನು ತಗ್ಗಿಸಿ. ಅಂಚಿಗೆ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ, ಮೇಲಕ್ಕೆತ್ತಿ. ಅಲ್ಲಲ್ಲಿ ಹರಡಿ, ಕೆಲವು ತಿನ್ನುತ್ತ ಕೆಲವು ತೂಕಡಿಸುತ್ತ ಇದ್ದರೆ ಎಲ್ಲವೂ ಸರಿಯಾಗಿದೆ. ರಾತ್ರಿ ಒಮ್ಮೆ ಎದ್ದು ನೋಡುವ ಶ್ರಮ ಪಡಲೇಬೇಕು.

ನೆಲಕ್ಕೆ ಎರಡು ಅಂಗುಲ ಭತ್ತದ ಹೊಟ್ಟು ಹರಡಿ. ಬರೀ ವೃತ್ತಪತ್ರಿಕೆ ಹಾಸಿದರೆ ಕಾಲು ಜಾರಿ ಅಗಲಿಸಿಕೊಂಡು ಮರಿ ಕುಂಟಾಗುತ್ತದೆ. ಹೊಟ್ಟು ತೇವವಾದ ಕೂಡಲೆ ಅಷ್ಟನ್ನು ತೆಗೆದು ಒಣಗಿದ್ದನ್ನು ಹಾಕಿ. ರಕ್ತಭೇದಿಯ ಸೂಕ್ಷ್ಮಜೀವಿ ಹಿಕ್ಕೆಯೊಡನೆ ಹೊರಬಿದ್ದು, ತೇವವೂ ಬೆಚ್ಚನೆಯೂ ಇರುವ ಕಡೆ ಬಲಿಯುತ್ತದೆ. ಒಣ ನೆಲದಲ್ಲಿ ಅದರ ಆಟ ನಡೆಯದು. ನೀರಿನ ಪಾತ್ರೆ ಮರಿ ಒಳಗಿಳಿಯಲಾಗದಷ್ಟು ಆಳ ಕಡಿಮೆಯದಾಗಿರಲಿ. ದಿನಕ್ಕೆರಡು ಬಾರಿ ಉಜ್ಜಿ ತೊಳೆಯಿರಿ. ಬಂದ ದಿನ ಮೊದಲು ಸ್ವಲ್ಪ ಬೆಲ್ಲ ಕದಡಿದ ನೀರು, ಆಮೇಲೆ ಮರಿಗಳ ಹಿಂಡಿ. ಬರೀ ಅಕ್ಕಿನುಚ್ಚಿನಿಂದ ಮರಿ ಬೆಳೆಯುವುದಿಲ್ಲ. ಗರಿಗೂ ಮಾಂಸಕ್ಕೂ ಸಸಾರಜನಕ ಬೇಕು.

ಮರಿಗಳನ್ನು ಎಲ್ಲಿಂದ ತರಬೇಕು? ಗಾಡಿಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳು ಸಾಮಾನ್ಯವಾಗಿ ಮೊಟ್ಟೆ ತಳಿಯ ಗಂಡುಮರಿಗಳು, ಮರಿ ಮಾಡುವ ಕೇಂದ್ರದವರಿಗೆ ಬೇಡವಾದವು. ಆಟಿಕೆಯೆಂದು ಅವನ್ನು ಮಗುವಿನ ಕೈಗೆ ಕೊಡುವುದು ಮರಿಗೂ ಒಳ್ಳೆಯದಲ್ಲ, ಮಗುವಿಗೂ ಒಳ್ಳೆಯದಲ್ಲ. ಹಿತ್ತಲಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ತಳಿ ಮೇಲು.

ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ ಉಂಟು. ಹಸಿರು ಭೇದಿ, ಏದುಸಿರು, ಕತ್ತು ತಿರುಚುವುದು ಅದರ ಲಕ್ಷಣಗಳು. ಹೊಕ್ಕರೆ ಗೂಡನ್ನೇ ಬರಿದು ಮಾಡುತ್ತದೆ. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ, ನಾಲ್ಕನೆಯ ವಾರದ ಸುಮಾರಿಗೆ ಮತ್ತೊಮ್ಮೆ. ಒಂದು ಸೀಸೆಯಲ್ಲಿ ನೂರಾರು ಮರಿಗಳಿಗಾಗುವಷ್ಟು ಲಸಿಕೆ ಇರುತ್ತದೆ. ಕದಡಿದ ಮೇಲೆ ಬೇಗನೆ ಮುಗಿಸಬೇಕು. ಆದ್ದರಿಂದ ನೆರೆಹೊರೆಯವರೊಡನೆ ಸೇರಿ ಒಂದೇ ದಿನ ಹಾಕಿಸುವುದು ಜಾಣತನ. ಉಳಿದ ಲಸಿಕೆಗಳ ವಿಚಾರವನ್ನು ಪಶುವೈದ್ಯರಲ್ಲಿ ಕೇಳಿ.

ಇಷ್ಟು ಮರಿಯ ಮಾತು. ಇನ್ನು ಮನೆಯವರ ಮಾತು. ಲವಲವಿಕೆಯಿಂದಿರುವ ಕೋಳಿಯ ಕರುಳಿನಲ್ಲೂ ಸಾಲ್ಮೊನೆಲ್ಲ ಎಂಬ ಸೂಕ್ಷ್ಮಜೀವಿ ಇರಬಹುದು. ಕೋಳಿಗೆ ಅದರಿಂದ ಏನೂ ಆಗದಿದ್ದರೂ ಮನುಷ್ಯರಿಗೆ ಜ್ವರ, ಭೇದಿ, ಹೊಟ್ಟೆನೋವು. ಐದು ವರ್ಷದೊಳಗಿನ ಮಕ್ಕಳಿಗೂ ವೃದ್ಧರಿಗೂ ಬಸುರಿಯರಿಗೂ ಇದು ಹೆಚ್ಚು ಅಪಾಯ. ಮರಿಯನ್ನು ಕೆನ್ನೆಗೊತ್ತಿಕೊಂಡು ಮುದ್ದಿಡುವ ಮಗುವನ್ನು ನೋಡಲು ಚೆನ್ನ. ಆದರೆ ಅಲ್ಲಿಂದಲೇ ಜ್ವರ ಹತ್ತುವುದು. ಮುಟ್ಟಿದವರೆಲ್ಲ ಸೋಪು ಹಚ್ಚಿ ಕೈ ತೊಳೆಯಲಿ; ಬರೀ ನೀರು ಸಾಲದು. ಗೂಡಿಗೆ ಹೋಗುವ ಚಪ್ಪಲಿ ಬೇರೆಯಿರಲಿ, ಅದು ಹೊಸಿಲು ದಾಟದಿರಲಿ. ಕೋಳಿಯ ನೀರಿನ ಪಾತ್ರೆಯನ್ನು ಅಡಿಗೆಮನೆಯ ಬಚ್ಚಲಲ್ಲಿ ತೊಳೆಯಬೇಡಿ. ಮೊಟ್ಟೆಗೆ ಹಿಕ್ಕೆ ಅಂಟಿದ್ದರೆ ಒಣಬಟ್ಟೆಯಿಂದ ಒರಸಿ. ತಣ್ಣೀರಿನಲ್ಲಿ ತೊಳೆದರೆ ಚಿಪ್ಪಿನ ಮೇಲಿನ ಸಹಜ ಲೇಪ ಹೋಗಿ, ಕೊಳೆ ಸೂಕ್ಷ್ಮರಂಧ್ರಗಳಿಂದ ಒಳಕ್ಕಿಳಿಯುತ್ತದೆ. ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ ತಿನ್ನಿ.

ಹಕ್ಕಿಜ್ವರದ ಹೆಸರನ್ನು ನೀವು ಕೇಳಿದ್ದೀರಿ. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2020ರಲ್ಲಿ ಮೈಸೂರಿನಲ್ಲೂ ಕಾಣಿಸಿಕೊಂಡಿತು. ಒಂದು ಮರಿ ಸತ್ತರೆ ಗಾಬರಿ ಬೇಡ. ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಒಟ್ಟಿಗೆ ಸತ್ತರೆ ಮಾತ್ರ ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ, ಚರಂಡಿಗೆ ಎಸೆಯದೆ, ನಾಯಿಗೂ ಸಿಗದಂತೆ ಮುಚ್ಚಿಟ್ಟು, ಅಂದೇ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. ಅವರು ನೋಡಿದ ಮೇಲೆ ಅವರು ಹೇಳಿದಂತೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು.