ಕಂಪ್ಯೂಟರೂ ಲೆಕ್ಕ ತಪ್ಪುವುದೆ?

0.1ಕ್ಕೆ 0.2ನ್ನು ಕೂಡಿದರೆ ಎಷ್ಟು? 0.3 ಎಂದು ಶಾಲೆಯ ಯಾವ ಹುಡುಗನಾದರೂ ಥಟ್ಟನೆ ಹೇಳಿಯಾನು. ಆದರೆ ಕಂಪ್ಯೂಟರಿಗೆ ಆದೇಶ ಬರೆಯುವ ಪೈಥಾನ್ ಭಾಷೆಯನ್ನು ಹೊಸದಾಗಿ ಕಲಿಯುವ ವಿದ್ಯಾರ್ಥಿಯು ಇದೇ ಪ್ರಶ್ನೆಯನ್ನು ಯಂತ್ರದ ಮುಂದಿಟ್ಟರೆ ತೆರೆಯ ಮೇಲೆ ಮೂಡುವ ಉತ್ತರ: 0.30000000000000004! ಕ್ಷಣಮಾತ್ರದಲ್ಲಿ ಕೋಟಿಗಟ್ಟಲೆ ಲೆಕ್ಕಗಳನ್ನು ಮಾಡಿ ಮುಗಿಸುವ ಯಂತ್ರಕ್ಕೆ ಇಷ್ಟು ಸಣ್ಣ ಸಂಕಲನ ಬಾರದೆ?

ಯಂತ್ರವೇನೂ ಕೆಟ್ಟಿಲ್ಲ. ನಮ್ಮ ದಶಮಾನ ಪದ್ಧತಿಯಲ್ಲಿ ಮೂರರಲ್ಲೊಂದು ಪಾಲನ್ನು ಬರೆಯಹೊರಟರೆ 0.3333... ಎಂದು, ಕಾಗದ ಮುಗಿದರೂ ಮೂರುಗಳು ಮುಗಿಯವು. ಎಲ್ಲಿಯಾದರೂ ನಿಲ್ಲಿಸಲೇಬೇಕು, ನಿಲ್ಲಿಸಿದೊಡನೆ ಒಂದಿಷ್ಟು ಕೊರತೆ ಉಳಿಯಿತು. ಕಂಪ್ಯೂಟರಾದರೋ 0 ಮತ್ತು 1 ಎಂಬ ಎರಡೇ ಅಂಕಿಗಳಿಂದ ಬರೆಯುತ್ತದೆ. ಅರ್ಧ, ಕಾಲು, ಮುಕ್ಕಾಲುಗಳನ್ನು ಅದು ಕರಾರುವಾಕ್ಕಾಗಿ ಬರೆಯಬಲ್ಲದು. ಹತ್ತರಲ್ಲೊಂದು ಪಾಲು ಮಾತ್ರ ಅದಕ್ಕೆ ಕೊನೆಯಿಲ್ಲದ ಸಂಖ್ಯೆ. ಗಣಿತಜ್ಞ ವಿಲಿಯಂ ಕಹಾನ್ ಅವರ ಮುಂದಾಳುತನದಲ್ಲಿ ರೂಪುಗೊಂಡು 1985ರಲ್ಲಿ ಗೊತ್ತಾದ ಮಾನಕದಂತೆ, ಯಂತ್ರವು 53 ದ್ವಿಮಾನ ಅಂಕಿಗಳಿಗೆ ನಿಲ್ಲಿಸಿ, ಕೊನೆಯ ಅಂಕಿಯನ್ನು ಹತ್ತಿರದ ಬೆಲೆಗೆ ಹೊಂದಿಸುತ್ತದೆ. ಹೀಗೆ ಹೊಂದಿಸುವಾಗ ಆದ ಅಲ್ಪ ವ್ಯತ್ಯಾಸವೇ ದಶಾಂಶದ 17ನೆಯ ಸ್ಥಾನದಲ್ಲಿ 4 ಆಗಿ ತಲೆಯೆತ್ತುತ್ತದೆ.

ಇಷ್ಟು ಸೂಕ್ಷ್ಮವಾದ ವ್ಯತ್ಯಾಸದಿಂದ ಏನು ಹಾನಿ ಎಂದು ಓದುಗರು ಕೇಳಬಹುದು. 1991ರ ಗಲ್ಫ್ ಯುದ್ಧದಲ್ಲಿ ಸೌದಿ ಅರೇಬಿಯದ ಧಹ್ರಾನ್ ನಗರದ ರಕ್ಷಣೆಗೆ ಅಮೆರಿಕದ ಪೇಟ್ರಿಯಟ್ ಕ್ಷಿಪಣಿಗಳನ್ನು ನಿಲ್ಲಿಸಿದ್ದರು. ಅವುಗಳ ಕಂಪ್ಯೂಟರು ಕಾಲವನ್ನು ಸೆಕೆಂಡಿನ ಹತ್ತರಲ್ಲೊಂದು ಪಾಲಿನಂತೆ ಎಣಿಸುತ್ತಿದ್ದಿತು. ಅಲ್ಲಿ ಸಂಖ್ಯೆಯನ್ನು ಇಡುವ ವಿಧಾನ ಬೇರೆಯಾಗಿದ್ದರೂ ತೊಡಕು ಇದೇ. ಆ ಪಾಲನ್ನು 24 ಅಂಕಿಗಳಿಗೆ ಮೊಟಕುಗೊಳಿಸಿದ್ದರಿಂದ ಪ್ರತಿ ಎಣಿಕೆಗೂ ಸೆಕೆಂಡಿನ ಸುಮಾರು ಕೋಟಿಯಲ್ಲೊಂದು ಭಾಗದ ಕೊರತೆ! ಹನಿಹನಿ ಕೂಡಿದರೆ ಹಳ್ಳವಲ್ಲವೆ? 100 ಗಂಟೆಗಳ ಕಾಲ ಯಂತ್ರವು ಬಿಡುವಿಲ್ಲದೆ ನಡೆಯುವಷ್ಟರಲ್ಲಿ ಆ ಕೊರತೆ ಸೆಕೆಂಡಿನ ಮೂರರಲ್ಲೊಂದು ಪಾಲಿಗೆ ಬೆಳೆದಿತ್ತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿಬಿಡುತ್ತದೆ. ಫೆಬ್ರವರಿ 25ರಂದು ಇರಾಕಿನ ಸ್ಕಡ್ ಬಂದಾಗ ಪೇಟ್ರಿಯಟ್ ಆಕಾಶದಲ್ಲಿ ಅದನ್ನು ತಪ್ಪು ಜಾಗದಲ್ಲಿ ಹುಡುಕಿತು. ಸ್ಕಡ್ ಸೈನಿಕರ ವಸತಿಯ ಮೇಲೆರಗಿ 28 ಮಂದಿ ಅಮೆರಿಕನ್ ಸೈನಿಕರು ಮಡಿದರು. ದೋಷವನ್ನು ತಿದ್ದಿದ ಕ್ರಮವಿಧಿಯು ಧಹ್ರಾನನ್ನು ತಲುಪಿದ್ದು ಮರುದಿನ.

ಆದುದರಿಂದ ಕ್ರಮವಿಧಿ ಬರೆಯಲು ಕಲಿಯುವವರು ಎರಡು ಮಾತುಗಳನ್ನು ಮೊದಲಿಗೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಇಂತಹ ಎರಡು ದಶಾಂಶ ಸಂಖ್ಯೆಗಳನ್ನು ಹೋಲಿಸುವಾಗ ಅವು ಸಮವೇ ಎಂದು ಕೇಳದೆ, ಅವುಗಳ ಅಂತರ ಸಹಿಸಬಹುದಾದಷ್ಟು ಅಲ್ಪವೇ ಎಂದು ಕೇಳಬೇಕು. ಹಣದ ಲೆಕ್ಕವನ್ನು ರೂಪಾಯಿಯ ದಶಾಂಶಗಳಲ್ಲಿಡದೆ ಪೈಸೆಗಳ ಪೂರ್ಣಸಂಖ್ಯೆಯಲ್ಲಿಡಬೇಕು. ಪೂರ್ಣಸಂಖ್ಯೆಗಳ ಸಂಕಲನದಲ್ಲಿ ಪೈಥಾನ್ ಎಂದೂ ತಪ್ಪುವುದಿಲ್ಲ. ಮನೆಯ ಮಕ್ಕಳು ತೆರೆಯ ಮೇಲಿನ ಆ 4ನ್ನು ತೋರಿಸಿ 'ಇದೆಲ್ಲಿಂದ ಬಂತು?' ಎಂದು ಕೇಳಿದರೆ, ಒಂದು ಕಾಗದ ಕೊಟ್ಟು, ಒಂದನ್ನು ಮೂರರಿಂದ ಭಾಗಿಸಲು ಹೇಳಿ. ಉತ್ತರ ಅವರಿಗೇ ಹೊಳೆಯುತ್ತದೆ.