‘ಡೂ’ ಮತ್ತು ‘ಮೇಕ್’: ಒಂದು ವಿವೇಚನೆ

ಕನ್ನಡದ ‘ಮಾಡು’ ಎಂಬ ಕ್ರಿಯಾಪದದ ವ್ಯಾಪ್ತಿ ಬಹು ವಿಶಾಲವಾದುದು. ಅಡುಗೆ ಮಾಡುತ್ತೇವೆ, ಊಟ ಮಾಡುತ್ತೇವೆ. ಉಪಕಾರ ಮಾಡುತ್ತೇವೆ, ತಪ್ಪನ್ನೂ ಮಾಡುತ್ತೇವೆ. ಈ ಒಂದು ಪದದ ಕಾರ್ಯವನ್ನು ಇಂಗ್ಲಿಷಿನಲ್ಲಿ ‘ಡೂ’, ‘ಮೇಕ್’, ‘ಟೇಕ್’, ‘ಹ್ಯಾವ್’ ಮೊದಲಾದವು ಹಂಚಿಕೊಂಡಿವೆ. ಆದುದರಿಂದಲೇ ಹಳ್ಳಿಯಿಂದ ಬಂದ ವಿದ್ಯಾರ್ಥಿಯು ‘ತಪ್ಪು ಮಾಡಿದೆ’ ಎಂಬುದನ್ನು ‘ಐ ಡಿಡ್ ಎ ಮಿಸ್ಟೇಕ್’ ಎಂದು ಬರೆದು ನಗೆಗೆ ಗುರಿಯಾಗುತ್ತಾನೆ. ‘ಐ ಮೇಡ್ ಎ ಮಿಸ್ಟೇಕ್’ ಎಂಬುದೇ ಅಲ್ಲಿನ ರೂಢಿ.

ಸ್ಥೂಲವಾಗಿ ಹೇಳುವುದಾದರೆ, ಕಾರ್ಯದ ಆಚರಣೆಯೇ ಪ್ರಧಾನವಾದಲ್ಲಿ ‘ಡೂ’ ಸಲ್ಲುತ್ತದೆ: ಮನೆಪಾಠ, ಕರ್ತವ್ಯ, ಉಪಕಾರ ಇವೆಲ್ಲ ಅದರ ಪಾಲು. ಕಾರ್ಯದಿಂದ ಮೊದಲು ಇಲ್ಲದಿದ್ದ ಫಲವೊಂದು ಉಂಟಾದಲ್ಲಿ ‘ಮೇಕ್’ ಬರುತ್ತದೆ: ಚಹಾ, ಸದ್ದು, ಯೋಜನೆ, ವಾಗ್ದಾನ, ತಪ್ಪು ಇವು ಅದಕ್ಕೆ ಸೇರಿದವು.

ಆದರೆ ನುಡಿಗಟ್ಟು ನಿಯಮಕ್ಕೆ ಪೂರ್ಣ ಅಧೀನವಲ್ಲ. ‘ಮೇಕ್ ದಿ ಬೆಡ್’ ಎಂದರೆ ಸಾಮಾನ್ಯವಾಗಿ ಮಂಚವನ್ನು ನಿರ್ಮಿಸುವುದಲ್ಲ, ಹಾಸಿಗೆಯನ್ನು ಓರಣಗೊಳಿಸುವುದು. ‘ಡೂ ಗುಡ್’ ಎಂದರೆ ಒಳಿತು ಮಾಡುವುದು. ‘ಮೇಕ್ ಗುಡ್’ ಎಂದರೆ ಆದ ನಷ್ಟವನ್ನು ತುಂಬಿಕೊಡುವುದು. ನಿರ್ಧಾರಕ್ಕೆ ಅಮೆರಿಕದವರು ‘ಮೇಕ್’ ಅನ್ನೇ ಹೆಚ್ಚಾಗಿ ಬಳಸಿದರೆ, ಬ್ರಿಟಿಷರಲ್ಲಿ ‘ಟೇಕ್’ ಸಹ ಬಳಕೆಯಲ್ಲಿದೆ.

ಈ ತೊಡಕು ಹೊಸದೂ ಅಲ್ಲ, ನಮ್ಮೊಬ್ಬರದೂ ಅಲ್ಲ. 1755ರಲ್ಲಿ ಪ್ರಕಟವಾದ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನರು, ಅರ್ಥ ಹಿಡಿತಕ್ಕೆ ಸಿಕ್ಕದ ಕ್ರಿಯಾಪದಗಳ ಸಾಲಿನಲ್ಲಿ ಇವೆರಡನ್ನೂ ಹೆಸರಿಸಿದ್ದಾರೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿಯವರು ಸಂಗಡಿಗರೊಡನೆ ಸಿದ್ಧಪಡಿಸಿ, 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾದ ನಿಘಂಟು ಪರಭಾಷಿಕ ಕಲಿಯುವವರಿಗಾಗಿ ನುಡಿಗಟ್ಟುಗಳಿಗೆ ವಿಶೇಷ ಗಮನವಿತ್ತಿತು. ಅದೇ 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರಬಂದು ಲೋಕಪ್ರಸಿದ್ಧವಾಯಿತು.

ನಮ್ಮ ಭಾಷೆಯಲ್ಲಿಯೂ ಲೆಕ್ಕ ಹಾಕುವುದು ಬೇರೆ, ಲೆಕ್ಕ ಇಡುವುದು ಬೇರೆ, ಲೆಕ್ಕ ಕೊಡುವುದು ಬೇರೆ. ಯಾವ ಸೂತ್ರವನ್ನೂ ಓದದೆ ಮಕ್ಕಳು ಇವನ್ನು ಕೇಳಿಯೇ ಅರಿತಿದ್ದಾರೆ. ಇಂಗ್ಲಿಷನ್ನೂ ಬಿಡಿಪದಗಳಾಗಿ ಅಲ್ಲದೆ ಇಡಿಯ ನುಡಿಗಟ್ಟುಗಳಾಗಿ, ವಾಕ್ಯಗಳ ನಡುವೆ, ಮತ್ತೆ ಮತ್ತೆ ಕೇಳಿಸಿ ಹೇಳಿಸುವುದೇ ಉಚಿತವಾದ ಮಾರ್ಗ. ‘ಡಿಡ್ ಎ ಮಿಸ್ಟೇಕ್’ ಎಂದು ಬರೆದ ವಿದ್ಯಾರ್ಥಿ ದಡ್ಡನಲ್ಲ. ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದವನು. ಅದನ್ನರಿತು ತಿದ್ದುವ ಅಧ್ಯಾಪಕರ ಮುಂದೆ ಅವನು ಇನ್ನೊಂದು ವಾಕ್ಯವನ್ನು ಬರೆಯಲು ಅಂಜುವುದಿಲ್ಲ.